ಹನ್ನೊಂದು ಗಾದಿ

“ನಿನ್ನೌನ, ಇದೇನ ಗಾದೀನೋ ಬೆಲ್ಲದ ಪೆಂಟೀನೋ? ಅಧ್ಯಕ್ಷರ ಕುಂಡಿ ಅಂದ್ರ ನಿಮ್ಮಪ್ಪನ ಕುಂಡಿ ಅಂತ ತಿಳದೀಯೇನ?” ಗುಮಾಸ್ತ ದೇವೇಂದ್ರಪ್ಪ ಪ್ರವಾಸಿ ಮಂದಿರದ ಮೆಟ್ಟಿಲ ಮೇಲೆ ನಿಂತು ಒದರಿದ.

ಶಮಶಾದಬಿ ಕುರ್ಚಿಗೆ ಹಾಕುವ ಗಾದಿಯನ್ನು ತಟ್ಟಿ ಸಮ ಮಾಡಿದಳು. ಹನ್ನೊಂದು ಶಾಸಕರ ಅರ್ಜಿ ಸಮಿತಿ, ಹನ್ನೊಂದು ಗಾದಿ. ಅಧ್ಯಕ್ಷರದು ಎರಡು ಬೆರಳು ದಪ್ಪ ಇರಬೇಕೆಂದು ಮೇಲಿನಿಂದ ಹೇಳಿಕೆ ಬಂದಿತ್ತು. ಅದರ ಹತ್ತಿಯನ್ನು ಅವಳ ಮಾವ ರಹಮಾನಸಾಬ ಮೂರು ದಿನ ಕೂತು ತಾನೇ ಹಿಂಜಿದ್ದ.

“ಮಾವ ತೀರಿಕೊಂಡ್ರರಿ, ನಸಿಕಿನ್ಯಾಗ.”

ದೇವೇಂದ್ರಪ್ಪ ಕೈಯಲ್ಲಿದ್ದ ಪಟ್ಟಿ ನೋಡಿದ. “ಅರ್ಜಿ ನಂಬರ ನಲವತ್ತೊಂದರಾಗ ಮೊದಲನೇ ಸಹಿ ಅವಂದ ಐತಿ. ಇವತ್ತ ಸಾಯಾಕ ಯಾವ ಸೂಳಿಮಗ ಹೇಳಿದ್ದ ಅವಗ?”

ಅರ್ಜಿ ಇಷ್ಟೇ: ಪಿಂಜಾರ ಓಣಿಯಿಂದ ಕಬರಸ್ತಾನಕ್ಕೆ ಹೋಗುವ ದಾರಿಗೆ ಅಡ್ಡವಾಗಿ ಹತ್ತಿ ಮಿಲ್ಲಿನ ಸಾವುಕಾರ ಪುಂಡಲೀಕಪ್ಪ ಗೋಡೆ ಕಟ್ಟಿದ್ದಾನೆ, ಒಡೆಸಿಕೊಡಬೇಕು. ಗೋಡೆ ಎದ್ದ ಮೇಲೆ ಓಣಿಯ ಹೆಣಗಳು ಅರ್ಧ ಲಕ್ಷ್ಮೇಶ್ವರ ಸುತ್ತಿ, ಇದೇ ಪ್ರವಾಸಿ ಮಂದಿರದ ಮುಂದೆ ಹಾದು ಮಣ್ಣಿಗೆ ಹೋಗುತ್ತಿದ್ದವು. ಅರ್ಜಿ ತೆಗೆದುಕೊಂಡ ಮೊದಲ ಸಮಿತಿ ವಿಧಾನಸಭೆಯ ಜೊತೆಗೇ ವಿಸರ್ಜನೆಯಾಯಿತು. ಎರಡನೆಯದರ ಅಧ್ಯಕ್ಷರು ಮಂತ್ರಿಯಾದರು. ಅವರ ಜಾಗಕ್ಕೆ ಯಾರೆಂದು ಯೋಚಿಸುವುದರಲ್ಲೇ ಅದರ ಅವಧಿ ತೀರಿತು. ಇದು ಮೂರನೆಯದು.

ಹತ್ತು ಗಂಟೆಗೆ ಅಧ್ಯಕ್ಷರೂ ಸೇರಿ ಮೂವರು ಬಂದರು. ನಾಲ್ವರಿಲ್ಲದೆ ಸಭೆ ಇಲ್ಲ, ನಿಯಮ. ನಾಲ್ಕನೆಯವರು ಗದಗಿನಲ್ಲಿ ಇನ್ನೂ ಜಳಕ ಮಾಡುತ್ತಿದ್ದಾರೆಂದು ಫೋನು ಬಂತು. ಕಾದರು. ಪುಂಡಲೀಕಪ್ಪನ ಮನೆಯಿಂದ ಗಿರಮಿಟ್ಟು, ಮಿರ್ಚಿ ಬಂದವು, ತಿಂದರು. ಮತ್ತೆ ಕಾದರು. ಶಮಶಾದಬಿ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ಹನ್ನೆರಡಕ್ಕೆ ನಾಲ್ಕನೆಯವರ ಕಾರು ಬಂತು.

“ನಲವತ್ತೊಂದು. ರಹಮಾನಸಾಬ ನದಾಫ!” ದೇವೇಂದ್ರಪ್ಪ ಕೂಗಿದ.

“ನಾ ಅವರ ಸೊಸಿರಿ.”

ಅಧ್ಯಕ್ಷರು ತಲೆ ಎತ್ತಲಿಲ್ಲ. “ಅರ್ಜಿದಾರರು ಖುದ್ದಾಗಿ ಹಾಜರಿರಬೇಕಮ್ಮಾ.”

“ತೀರಿಕೊಂಡಾರ್ರಿ.”

“ಗೈರುಹಾಜರಿ ಅಂತ ಬರಕೊಳ್ಳಿ. ಅರ್ಜಿ ಮುಕ್ತಾಯ.”

“ಮಾವ ಸತ್ತಾರ್ರಿ, ಗ್ವಾಡಿ ಸತ್ತಿಲ್ಲ. ಅಲ್ಲೇ ನಿಂತೈತಿ.” ಅವಳು ನಾಲ್ಕನೆಯವರ ಕಡೆ ಕೈ ಮಾಡಿದಳು. “ಈ ಸಾಹೇಬ್ರ ಸಲುವಾಗಿ ಎರಡ ತಾಸ ಕಾದ್ರಿ. ನಮ್ಮ ಮಾವನ ಸಲುವಾಗಿ ಎರಡ ನಿಮಿಷನೂ ಕಾಯೂದಿಲ್ಲೇನ್ರಿ?”

ನಾಲ್ಕನೆಯವರು ನಕ್ಕರು. “ಆತವಾ. ನಾವು ಚಾ ಕುಡೀತೀವಿ. ಅಷ್ಟರಾಗ ಎಬ್ಬಿಸಿ ಕರಕೊಂಡ ಬಾ.”

ಉಳಿದ ಮೂವರೂ ನಕ್ಕರು. ದೇವೇಂದ್ರಪ್ಪ ಕೊನೆಗೆ ನಕ್ಕ.

ಶಮಶಾದಬಿ ಗೇಟಿಗೆ ಬಂದಳು. ರಸ್ತೆಯ ತಿರುವಿನಲ್ಲಿ ಮಾವನ ಹೆಣ ಹೊತ್ತ ಜನಾಜಾ ಬರುತ್ತಿತ್ತು. ಮುಂದಿನ ಹೆಗಲು ಅವಳ ಗಂಡ ಶಕೀಲನದು.

“ಹೆಂಗಸರು ಬರಬಾರ್ದು. ಸರಿ ಅತ್ಲಾಗ,” ಎಂದ.

“ನಾ ಕಬರಸ್ತಾನಕ್ಕ ಬರೂದಿಲ್ಲ. ಒಳಗ ತಿರುಗಸ್ರಿ. ಮಾವನ ಹೆಸರು ಕೂಗ್ಯಾರ.”

“ಹುಚ್ಚ ಹಿಡದೈತೇನ ನಿನಗ?”

“ಮೂರು ಸಮಿತಿ ಕಾದಾರ ಅವರು. ಈಗ ಕರದ್ರು ಅಂದ್ರ ಹೋಗಬ್ಯಾಡೇನು?”

ಶಕೀಲ ಕಿಟಕಿಯೊಳಗೆ ನೋಡಿದ. ಚಹದ ಕಪ್ಪು, ನಾಲ್ಕು ತಲೆ, ಏಳು ಖಾಲಿ ಗಾದಿ. ಹೆಗಲು ಹೊರಳಿಸಿದ. ಉಳಿದ ಮೂರು ಹೆಗಲೂ ಹೊರಳಿದವು.

ದೇವೇಂದ್ರಪ್ಪ “ಲೇ, ಲೇ” ಎನ್ನುವಷ್ಟರಲ್ಲಿ ಜನಾಜಾ ಮೇಜಿನ ಮುಂದೆ ಇಳಿಯಿತು.

“ನಂಬರ ನಲವತ್ತೊಂದು,” ಎಂದಳು ಶಮಶಾದಬಿ. “ಖುದ್ದ ಹಾಜರ ಅದಾರ್ರಿ. ಬರಕೋರಿ. ಗ್ವಾಡಿ ಬೀಳೂತನಕ ಇಲ್ಲಿಂದ ಏಳೂದಿಲ್ಲ.”

ಯಾರೂ ಬರೆದುಕೊಳ್ಳಲಿಲ್ಲ. ಅಧ್ಯಕ್ಷರು ಎದ್ದು ಗೋಡೆಗೆ ಒರಗಿ ನಿಂತಿದ್ದರು. ಅವರ ಭಾರಕ್ಕೆ ಕುಗ್ಗಿದ್ದ ಗಾದಿ, ಮುದುಕ ಹಿಂಜಿದ ಹತ್ತಿಯದು, ಸದ್ದಿಲ್ಲದೆ ಮೆಲ್ಲಗೆ ಮೇಲೇಳತೊಡಗಿತು.