ಗುರುಸಿದ್ದಮ್ಮನ ನಡುಬೆರಳು

ಅಜ್ಜೀಪುರದ ಶಿವರತ್ನಮ್ಮನ ಮಗಳು ಗುರುಸಿದ್ದಮ್ಮನಿಗೆ ಐದು ತುಂಬಿದ ವರ್ಷ ಎಡಗೈಯ ನಡುಬೆರಳು ಊದಿಕೊಂಡಿತು. ಅದು ಅರವತ್ತಾರನೇ ಇಸವಿ. ಏನೋ ಹುಳ ಕಡಿದಿರಬೇಕೆಂದು ಹುಣಸೆಹಣ್ಣು, ಅರಿಶಿನ ಅರೆದು ಪಟ್ಟು ಹಾಕಿದರು. ಕಡಲೆಕಾಯಿ ಬಿತ್ತುವಾಗ ಕಾಣಿಸಿಕೊಂಡ ಊತ ಗಿಡ ಹೂ ಬಿಟ್ಟರೂ ಇಳಿಯಲಿಲ್ಲ. ಬೆರಳ ಬುಡ ದಪ್ಪವಾಗಿ ಬಿಗಿದುಕೊಂಡು, ಎಳೆ ಬದನೆಕಾಯಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ವಿಚಿತ್ರವೆಂದರೆ ಮಗು ನೋವೆಂದು ಅಳುತ್ತಿರಲಿಲ್ಲ. ಆ ಕೈಯಲ್ಲೇ ಮಣ್ಣು ಕೆದಕಿ ಆಡುತ್ತಿದ್ದಳು.

ಒಂದು ದಿನ ಬಾವಿಯ ಹತ್ತಿರ ಪಕ್ಕದ ಮನೆಯ ರಾಮಮ್ಮ ಆ ಬೆರಳು ನೋಡಿ, ತನ್ನ ಮೊಮ್ಮಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

"ಬೇಜಾರ್ ಮಾಡ್ಕಬ್ಯಾಡ ಕಣವ್ವ ಶಿವರತ್ನಿ. ನೋವಿಲ್ದೆ ಬೆರಳು ಊದ್ಕಂಡ್ರೆ ಅದು ದೊಡ್ಡ ರೋಗ ಅಂತಾರೆ."

ದೊಡ್ಡ ರೋಗವೆಂದರೆ ಕುಷ್ಠ. ಶಿವರತ್ನಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು. ಅಂದಿನಿಂದ ಆ ಕೈಯನ್ನು ತನ್ನ ಸೆರಗಿನಲ್ಲಿ ಮುಚ್ಚಿಡತೊಡಗಿದಳು. ಅವಳು ಏನು ಕೇಳಿದರೂ ಗಂಡ ಪುಟ್ಟಮಲ್ಲಪ್ಪ "ನೋಡವ" ಎಂದಷ್ಟೇ ಹೇಳಿ ಹೊಲಕ್ಕೆ ಹೋಗಿಬಿಡುತ್ತಿದ್ದ. ಕೊನೆಗೆ ಮಾತಾಡಿದವನು ಮಾವ ಚಿಕ್ಕಮಾದಪ್ಪ. ಮೊಮ್ಮಗಳೆಂದರೆ ಅವನಿಗೆ ಪ್ರಾಣ. ಉಣ್ಣುವಾಗಲೂ ಮಲಗುವಾಗಲೂ ಅವಳು ಅವನ ತೊಡೆಯ ಮೇಲೆಯೇ.

"ಮುಚ್ಚಿಟ್ರೆ ವಾಸಿಯಾದದಾ? ಕೊಳ್ಳೇಗಾಲದ ಡಾಕ್ಟ್ರಮ್ಮನಿಗೆ ತೋರ್ಸವ ನಡಿ. ನಾನೂ ಬತ್ತೀನಿ," ಎಂದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಕೆಮ್ಮುತ್ತಲೇ ಇದ್ದ. ಅವನ ಕೆಮ್ಮು ಹಳೆಯದು, ಮನೆಯಲ್ಲಿ ಯಾರೂ ಅದಕ್ಕೆ ಕಿವಿಗೊಡುತ್ತಿರಲಿಲ್ಲ.

ಡಾಕ್ಟರಮ್ಮ ಮಗುವಿನ ಬೆರಳನ್ನು ಹಿಂದೆ ಮುಂದೆ ಮಡಿಸಿ ನೋಡಿದರು. ಮೈಮೇಲೆ ಮಚ್ಚೆಯಿದೆಯೇ ಎಂದು ಹುಡುಕಿದರು. ಆಮೇಲೆ ಅವಳ ಕಣ್ಣು ಮುಚ್ಚಿಸಿ, ಗುಂಡುಪಿನ್ನಿನಿಂದ ಬೆರಳ ತುದಿಗೆ ಚುಚ್ಚಿದರು. ಗುರುಸಿದ್ದಮ್ಮ ಕಿಟಾರನೆ ಕಿರುಚಿ ಡಾಕ್ಟರಮ್ಮನ ಕೈಗೆ ಫಟಾರನೆ ಹೊಡೆದಳು.

"ಅಯ್ಯೋ, ತೆಪ್ಪಾಯ್ತು ತಾಯಿ!" ಎಂದು ಶಿವರತ್ನಮ್ಮ ಗಾಬರಿಯಾದಳು.

"ಹೊಡೀಲಿ ಬಿಡಮ್ಮ. ಕುಷ್ಠ ಆಗಿದ್ದರೆ ಚುಚ್ಚಿದ್ದು ಹೀಗೆ ಗೊತ್ತಾಗ್ತಿರಲಿಲ್ಲ. ಇದು ಅದಲ್ಲ."

ಮಗಳು ಗೋಳೋ ಎಂದು ಅಳುತ್ತಿದ್ದರೆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ಮಾತ್ರ ನೀರು ಸುರಿಯುತ್ತಿತ್ತು.

ಮೈಸೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ ತಂದರು. ಡಾಕ್ಟರಮ್ಮ ಅದನ್ನು ಕಿಟಕಿಗೆ ಹಿಡಿದು ತೋರಿಸಿದರು. ಬೇರೆ ಬೆರಳುಗಳ ಮೂಳೆಗಳು ಕಡ್ಡಿಯಂತೆ ನೇರವಾಗಿದ್ದವು. ನಡುಬೆರಳಿನದು ಮಾತ್ರ ಉಬ್ಬಿ, ಒಳಗೆ ಟೊಳ್ಳಾಗಿತ್ತು.

"ಮೂಳೆಗೆ ಕ್ಷಯ ಹತ್ತಿದೆ. ಚಿಕ್ಕ ಮಕ್ಕಳಿಗೆ ಹೀಗಾಗೋದುಂಟು."

"ಬೆರಳು ಕತ್ತರುಸ್ತೀರಾ ತಾಯಿ?"

"ಯಾಕಮ್ಮ ಕತ್ತರಿಸೋದು? ಔಷಧಿ ಇದೆ, ವಾಸಿಯಾಗುತ್ತೆ. ಆದರೆ ಮೂಳೆ ಬೆಳೆಯೋ ಜಾಗಕ್ಕೆ ಪೆಟ್ಟಾಗಿದ್ದರೆ ಈ ಬೆರಳು ಸ್ವಲ್ಪ ಗಿಡ್ಡ ಉಳೀಬಹುದು."

ಅಷ್ಟರಲ್ಲಿ ಹೊರಗಿನ ಜಗುಲಿಯಿಂದ ಕೆಮ್ಮು ಕೇಳಿಸಿತು. ಡಾಕ್ಟರಮ್ಮ ಅತ್ತ ತಿರುಗಿ, "ಯಾರು ಅದು?" ಎಂದರು.

ಚಿಕ್ಕಮಾದಪ್ಪನ ಕಫ ಪರೀಕ್ಷೆ ಮಾಡಿಸಿದಾಗ ಅವನ ಎದೆಯಲ್ಲೂ ಕ್ಷಯವಿರುವುದು ತಿಳಿಯಿತು. ಮಗುವಿಗೆ ಬಂದದ್ದು ಅವನಿಂದಲೇ ಇರಬೇಕು ಎಂದರು. ಮುದುಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ನಾನೇ ಮೊಗೀಗೆ ಹತ್ತಿಸ್ಬುಟ್ನಲ್ಲವ್ವ."

ಶಿವರತ್ನಮ್ಮ ಮಗಳನ್ನು ಎತ್ತಿಕೊಂಡು ಬಸ್ಸಿನ ಕಡೆಗೆ ನಡೆದುಬಿಟ್ಟಳು. ಊರಿಗೆ ಬಂದ ಮೇಲೂ ಕೆಲವು ದಿನ ಅವನ ಮುಂದೆ ತಟ್ಟೆಯಿಟ್ಟು, ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ಅವನೂ ಚಾಪೆಯನ್ನು ದನದ ಕೊಟ್ಟಿಗೆಯ ಬದಿಗೆ ಹಾಕಿಕೊಂಡ. ಮೊಮ್ಮಗಳು ಓಡಿ ಬಂದರೆ "ಓಗು, ಬರಬ್ಯಾಡ" ಎಂದು ಗದರಿಸಿ ಅಟ್ಟುತ್ತಿದ್ದ. ತಾತನಿಗೆ ತನ್ನ ಮೇಲೆ ಕೋಪವೆಂದು ಮಗು ದೂರದಲ್ಲೇ ನಿಂತು ಬಿಕ್ಕುತ್ತಿತ್ತು.

ಇಬ್ಬರಿಗೂ ಮಾತ್ರೆ ಮನೆಯಲ್ಲೇ, ಇಂಜೆಕ್ಷನ್‌ಗೆ ವಾರಕ್ಕೆರಡು ಸಲ ರಾಮಾಪುರದ ಆಸ್ಪತ್ರೆಗೆ ಹೋಗಬೇಕು. ಸೂಜಿ ಕಂಡರೆ ಗುರುಸಿದ್ದಮ್ಮ ಕಂಬ ತಬ್ಬಿಕೊಂಡು ಬಿಡುತ್ತಲೇ ಇರಲಿಲ್ಲ. ಒಂದು ಸಲ ಚಿಕ್ಕಮಾದಪ್ಪ ದೂರದಿಂದಲೇ ಕೂಗಿದ.

"ನೋಡ್ ಮೊಗ, ಮೊದ್ಲು ತಾತುಂಗೆ."

ಸೂಜಿ ಚುಚ್ಚುತ್ತಿದ್ದಂತೆ ಅವನು ಕಣ್ಣು ಮೇಲೆ ಮಾಡಿ, ನಾಲಿಗೆ ಚಾಚಿ, ಕೋಣದ ಹಾಗೆ ಗುಟುರು ಹಾಕಿದ. ಕಾಂಪೌಂಡರ್ ಕೂಡ ನಕ್ಕುಬಿಟ್ಟರು. ಮಗು ನಗುತ್ತಾ ಕಂಬ ಬಿಟ್ಟಿತು. ಶಿವರತ್ನಮ್ಮ ಮಾವನನ್ನು ನೋಡಿದಳು. ಅವನ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಆ ದಿನ ಮನೆಗೆ ಬಂದು ತಟ್ಟೆಯಿಟ್ಟವಳು ಅಲ್ಲೇ ಕುಳಿತು, "ಇನ್ನೊಂಚೂರು ಸಾರು ಆಕುಸ್ಕಳಿ ಮಾವ. ಬಲವಾದ್ ಮದ್ದು, ಒಟ್ಟೆ ತುಂಬ ಉಣ್ಬೇಕು," ಎಂದಳು.

ಮುಂದಿನ ವರ್ಷದ ಕಡಲೆಕಾಯಿ ಕೀಳುವ ಹೊತ್ತಿಗೆ ಊತ ಇಳಿದಿತ್ತು. ಮತ್ತೆ ಎಕ್ಸ್‌ರೇ, ಮತ್ತೆ ಕಫ ಪರೀಕ್ಷೆ. ಡಾಕ್ಟರಮ್ಮ ಮಗುವಿನ ಎರಡೂ ಕೈ ಜೋಡಿಸಿ ನೋಡಿದರು. ಎಡಗೈಯ ನಡುಬೆರಳು ಬಲಗೈಯದಕ್ಕಿಂತ ಒಂದು ಉಗುರಿನಷ್ಟು ಗಿಡ್ಡ. ಮಡಚುವುದಕ್ಕೆ, ಬಿಡಿಸುವುದಕ್ಕೆ ಏನೂ ತೊಂದರೆಯಿರಲಿಲ್ಲ.

"ಮೂಳೆ ಗಟ್ಟಿಯಾಗಿದೆ. ತಾತನ ಕಫದಲ್ಲೂ ಈಗ ಏನೂ ಇಲ್ಲ. ಮಾತ್ರೆ ಮಾತ್ರ ನಾನು ಹೇಳೋವರೆಗೂ ನಿಲ್ಲಿಸಬೇಡಿ."

ಚಿಕ್ಕಮಾದಪ್ಪ ಎದ್ದು ನಿಂತ. "ಮೊಗಾನ ಎತ್ಕಬೋದಾ ತಾಯಿ?"

"ಎತ್ಕೊಳ್ಳಿ."

ಅವನು ಕೈಗಳನ್ನು ಪಂಚೆಗೆ ಒರೆಸಿಕೊಂಡು, ಇನ್ನೂ ಅನುಮಾನದಿಂದ ಸೊಸೆಯ ಮುಖ ನೋಡಿದ. ಶಿವರತ್ನಮ್ಮ ಮಗಳನ್ನು ಎತ್ತಿ ಅವನ ತೋಳಿಗೆ ಕೊಟ್ಟಳು.

"ತಾತ, ನಿಂಗೆ ಕ್ವಾಪ ಓಯ್ತಾ?" ಎಂದು ಮಗು ಕೇಳಿತು.

"ಓಯ್ತು ಕಣವ್ವ. ಎಲ್ಲಾ ಓಯ್ತು."

ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಜಾಗಕ್ಕಾಗಿ ತಾತ ಮೊಮ್ಮಗಳು ಜಗಳವಾಡಿದರು. ಹನೂರು ದಾಟುವಷ್ಟರಲ್ಲಿ ಮೂವರಿಗೂ ನಿದ್ದೆ ಹತ್ತಿತು. ಕಂಡಕ್ಟರ್ "ರಾಮಾಪುರ, ರಾಮಾಪುರ" ಎಂದು ಕೂಗಿದಾಗಲೇ ಎಚ್ಚರ. ಅಜ್ಜೀಪುರ ಹಿಂದೆ ಉಳಿದಿತ್ತು.

"ಊರು ಬಿಟ್ಟು ಮುಂದ್ಕೆ ಬಂದ್ಬುಟ್ವಲ್ಲ ಮಾವ!"

"ಬಂದ್ರೆ ಬಂದ್ವಿ, ನಡ್ಕಂಡೋಗವ ಬಾರವ್ವ," ಎಂದ ಚಿಕ್ಕಮಾದಪ್ಪ. ಇಳಿಬಿಸಿಲಿನಲ್ಲಿ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ಮುಂದೆ ನಡೆದ. ಶಿವರತ್ನಮ್ಮ ಚೀಲ ಹೊತ್ತು ಹಿಂದೆ ಬರುತ್ತಾ, ಇಂಥ ದಡ್ಡರು ಎಲ್ಲಾದರೂ ಇದ್ದಾರೆಯೇ ಎಂದು ನಗುತ್ತಲೇ ಇದ್ದಳು.