ತೊಟ್ಟಿಲ ಗೋಡೆಯ ಒದ್ದೆ

ಮಳೆ ಬಿಟ್ಟು ಬಿಸಿಲು ಚುರುಗುಟ್ಟುವ ಕಾಲ. ಆದರೂ ಕುದ್ರೋಳಿಯ ಅಹ್ಮದ್ ಬಾವರ ಮನೆಯ ಒಂದು ಗೋಡೆ ಮಾತ್ರ ಒಣಗಲಿಲ್ಲ. ಆ ಗೋಡೆಯ ಒಂದು ಬದಿಗೆ ಬಚ್ಚಲು, ಇನ್ನೊಂದು ಬದಿಗೆ ಬಾಣಂತಿ ಮಗಳು ಖೈರುನ್ನಿಸಾಳ ಕೋಣೆ. ಗೋಡೆಗೆ ತಾಗಿಯೇ ತೊಟ್ಟಿಲು. ಅದರ ಮೇಲ್ಗಡೆ ಅಂಗೈಯಗಲ ಇದ್ದ ಒದ್ದೆ ಕಲೆ ಈಗ ಗೆರಸೆಯಷ್ಟಾಗಿತ್ತು.

ಬಾವ ಬಂದರಿನ ಬ್ಯಾರಿ ವ್ಯಾಪಾರಿ. ಬೊಂಬಾಯಿಯ ಲಾಡ್ಜಿನಲ್ಲಿ ಕಂಡ ಶವರಿನಂಥದ್ದನ್ನೇ ಆಸೆಪಟ್ಟು ತಂದು, ನಳ್ಳಿನೀರು ಬಂದ ಮೇಲೆ ಬಚ್ಚಲಿಗೆ ಹಾಕಿಸಿದ್ದರು. ಹೆಂಡತಿ ಬೀಫಾತಿಮ್ಮ ಕಲೆ ತೋರಿಸಿದಾಗಲೆಲ್ಲ ಅವರದು ಒಂದೇ ಉತ್ತರ: "ಮಳೆಗಾಲದ ತಂಪು. ಸುಣ್ಣ ಬಳಿದರೆ ಆಯ್ತು."

ಬಳಿದದ್ದೂ ಆಯಿತು. ಸುಣ್ಣದ ಅಡಿಯಿಂದ ಕಲೆ ಮತ್ತೆ ಎದ್ದು ಬಂತು.

ಮಗುವಿನ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು. ಖೈರುನ್ನಿಸಾ ಗೋಡೆಗೆ ಕಿವಿಯಿಟ್ಟಳು. "ಉಮ್ಮಾ, ಒಳಗೆ ಎಂತದೋ ಹರಿಯುವ ಸದ್ದು ಉಂಟು."

ಬೀಫಾತಿಮ್ಮ ನೆರೆಮನೆಯ ಸುಂದರಿಯನ್ನು ಕರೆದಳು. ಸುಂದರಿ ಮೀನು ಮಾರುವವಳು, ಗಂಡ ದೋಣಿಗೆ ಹೋಗುವವನು. ಅವಳು ಗೋಡೆ ಮುಟ್ಟಿ ನೋಡಿದಳು.

"ಮೊದಲು ತೊಟ್ಟಿಲು ಆಚೆ ಇಡಿ. ಮಾತು ಆಮೇಲೆ."

ತೊಟ್ಟಿಲು ಎದುರಿನ ಮೂಲೆಗೆ ಹೋಯಿತು.

"ನಿನಗೆ ಮೀನು ಗೊತ್ತು, ಗೋಡೆ ಗೊತ್ತುಂಟಾ?" ಬಾವ ನಕ್ಕರು. "ಬೊಂಬಾಯಿ ಶವರ್ ಮಾರಾಯ್ತಿ, ಸೋರುವುದಿಲ್ಲ."

"ಬೊಂಬಾಯಿದ್ದು ಅಂತ ನೀರು ಹೆದರ್ತದಾ ಬ್ಯಾರಿಗಳೇ? ದೋಣಿಯಲ್ಲಿ ಒದ್ದೆ ಎಲ್ಲಿ ಅಂತ ನೋಡ್ತಾ ಕೂತರೆ ಮುಳುಗ್ತೇವೆ. ನೀರು ಎಲ್ಲಿಂದ ಬರ್ತದೆ ಅಂತ ನೋಡ್ಬೇಕು. ಒಂದು ಮುಷ್ಟಿ ಒಲೆಬೂದಿ ಕೊಡಿ."

ಬಚ್ಚಲನ್ನು ಒರೆಸಿ ಒಣಗಿಸಿದರು. ಮೊದಲು ನೆಲಕ್ಕೆ ಕೊಡದಿಂದ ನೀರು ಹೊಯ್ದು ಕಾದರು. ಗೋಡೆಯಾಚೆಯಿಂದ ಖೈರುನ್ನಿಸಾ, "ಸದ್ದಿಲ್ಲ" ಎಂದಳು. ಹಾಗಾದರೆ ನೆಲದ ತಪ್ಪಲ್ಲ. ಆಮೇಲೆ ಶವರಿನ ಕೊಳವೆ ಗೋಡೆಯಿಂದ ಹೊರಬರುವ ಕುತ್ತಿಗೆಯ ಸುತ್ತ ಸುಂದರಿ ಬೂದಿ ಮೆತ್ತಿ, ತಿರುಗಣೆಯನ್ನು ತುಸುವೇ ತಿರುಗಿಸಿದಳು.

ಎಲ್ಲರೂ ಬಗ್ಗಿ ನೋಡಿದರು. ಬೂದಿ ಮೆಲ್ಲಗೆ ಒಂದು ಕಡೆ ನೀರು ಹೀರಿ ಕಪ್ಪಾಯಿತು.

"ಉಮ್ಮಾ, ಈಗ ಕೇಳ್ತಾ ಉಂಟು!"

ಆಗ ಬೀಫಾತಿಮ್ಮನ ಕಣ್ಣು ಕೊಳವೆಗೆ ತೂಗುಹಾಕಿದ್ದ ತಾಮ್ರದ ಕಿಂಡಿಯ ಮೇಲೆ ಬಿತ್ತು. ನಮಾಝಿಗೆ ಮೊದಲು ಕೈಕಾಲು ಮುಖ ತೊಳೆದು ವುಝೂ ಮಾಡುವ, ಮೂತಿಯುಳ್ಳ ತಂಬಿಗೆ ಅದು. ನೆಲಕ್ಕಿಟ್ಟರೆ ಶುದ್ಧಿ ಕೆಟ್ಟೀತೆಂದು, ಹೊತ್ತುಹೊತ್ತಿಗೂ ನೀರು ತುಂಬಿಸಿ ಬಾವರೇ ಅಲ್ಲಿ ತೂಗುತ್ತಿದ್ದರು. ಆ ಭಾರಕ್ಕೆ ಕೊಳವೆಯ ಜಾಯಿಂಟು ಸಡಿಲವಾಗಿತ್ತು.

ಫಿಟ್ಟರ್ ವಿಲ್ಲಿ ಬಂದು ಮೊದಲು ನೀರು ನಿಲ್ಲಿಸಿದ. ಕೊಳವೆ ಬಿಚ್ಚಿ, ತುಕ್ಕು ಉಜ್ಜಿ, ತಿರುಪಿಗೆ ಸೆಣಬಿನ ನಾರು ಸುತ್ತಿ, ಬಣ್ಣ ಸವರಿ ಬಿಗಿದ. ಮತ್ತೆ ಬೂದಿ ಮೆತ್ತಿ ನೋಡಿದರೆ ಬೂದಿ ಒಣಗಿಯೇ ಇತ್ತು. ಆಮೇಲೆ ಆಚೆ ಕೋಣೆಗೆ ಹೋಗಿ ಗೋಡೆಯ ಸುಣ್ಣ ಕೆರೆದ. ಮುರಕಲ್ಲುಗಳ ನಡುವಿನ ಮಣ್ಣು ಗಂಜಿಯಂತೆ ಇಳಿಯಿತು. ತೊಟ್ಟಿಲಿದ್ದ ಜಾಗದ ಮೇಲಿನ ಕಲ್ಲೊಂದು ಕೈಗೇ ಅಲ್ಲಾಡಿತು.

"ಇದಕ್ಕೆ ಸುಣ್ಣ ಬಳಿದದ್ದು ಯಾರು ಮಾರಾಯ್ರೆ? ಕಲ್ಲು ಪುನಃ ಕೂರಿಸ್ಬೇಕು. ಪೂರಾ ಒಣಗುವವರೆಗೆ ಗಾರೆ ಹಾಕಿ ಮುಚ್ಚಬೇಡಿ."

ಬಾವ ತಿರುಗಿ ಮೂಲೆಯ ತೊಟ್ಟಿಲನ್ನು ನೋಡಿದರು. ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸುತ್ತಿತ್ತು.

"ಹೊಳೆಬದಿಯಲ್ಲಿ ಕೂತು ವುಝೂ ಮಾಡಿದರೂ ನೀರು ಪೋಲು ಮಾಡಬಾರದು ಅಂತ ನಾನೇ ಎಲ್ಲರಿಗೂ ಹೇಳ್ತಿದ್ದೆ," ಎಂದರು ಬಾವ.

"ನೀವು ಹೇಳಿದ್ದು ಸರಿಯೇ ಬ್ಯಾರಿಗಳೇ," ಎಂದಳು ಸುಂದರಿ. "ಕಿಂಡಿಗೆ ಕೇಳಿಸಲಿಲ್ಲ ಅಷ್ಟೆ."

ಅಂದೇ ಬಾವ ಬಚ್ಚಲಲ್ಲಿ ಕಿಂಡಿಗೆಂದು ಮರದ ಹಲಗೆ ಹೊಡೆಸಿದರು. ಮಗುವನ್ನು ಡಾಕ್ಟರರಲ್ಲಿಗೂ ಕರೆದೊಯ್ದರು.

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಬಚ್ಚಲಿನ ಗೋಡೆಯ ಆಚೆ ಬದಿಯನ್ನೊಮ್ಮೆ ಮುಟ್ಟಿ ನೋಡಿ. ಒದ್ದೆ ಇದ್ದರೆ ಸುಣ್ಣ ಕಲಸಬೇಡಿ, ಬೂದಿ ಹಚ್ಚಿ ನೀರಿನ ದಾರಿ ಹುಡುಕಿ. ಕೊಳವೆಗೆ ಏನನ್ನೂ ತೂಗಬೇಡಿ. ನೀರು ದೇವರು ಕೊಟ್ಟದ್ದು, ಅದಕ್ಕೆ ದಾರಿ ತೋರಿಸುವ ಕೆಲಸ ನಮ್ಮದು. ಆ ಗೋಡೆಯ ಬದಿಯಲ್ಲಿ ಯಾರು ಮಲಗಿದ್ದಾರೆಂದು ನೆನೆದರೆ ನಾಳೆಗೆಂದು ಮುಂದೂಡಲು ನಿಮಗೆ ಮನಸ್ಸು ಬರಲಾರದು.