ಹಣಮಂತಪ್ಪ ಜಮೇದಾರರ ಮೇಲಿನವರು

ಒಬ್ಬರೇ ನಡೆಯುವಾಗಲೂ ಹಣಮಂತಪ್ಪ ಜಮೇದಾರರು ತಮ್ಮ ಮುಂದೆ, ಬಲಮಗ್ಗುಲಿಗೆ, ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿಟ್ಟುಕೊಂಡೇ ನಡೆಯುತ್ತಿದ್ದರು. ಅದು ಸಾಹೇಬರ ಜಾಗ. ಸಾಹೇಬರು ಇರಲಿ ಬಿಡಲಿ, ಬೀದರದ ಚೌಬಾರಾ ಗೋಪುರದ ಸುತ್ತಿನ ಇಕ್ಕಟ್ಟು ಗಲ್ಲಿಗಳಲ್ಲಿ ಎದುರಿನಿಂದ ಟಾಂಗಾ ಮೈಮೇಲೆ ಬಂದರೂ, ಗೋಡೆಗೆ ಒತ್ತಿಕೊಂಡು ನಿಂತಾರೇ ಹೊರತು ಆ ಜಾಗಕ್ಕೆ ಕಾಲಿಟ್ಟವರಲ್ಲ. ಖಾಕಿ ಕೋಟಿನ ಕತ್ತಿನ ಗುಂಡಿಯನ್ನು ನೆತ್ತಿ ಸುಡುವ ವೈಶಾಖದಲ್ಲೂ ಬಿಚ್ಚುತ್ತಿರಲಿಲ್ಲ. ಯಾಕ್ರಿ ಎಂದು ಕೇಳಿದರೆ, ಬಿಚ್ಚೆಂದು ಮೇಲಿನವರು ಹೇಳಿಲ್ಲವಲ್ಲ ಎನ್ನುತ್ತಿದ್ದರು. ತಮಾಷೆಗೆ ಹೇಳುತ್ತಿದ್ದಾರೆಂದು ನಾನು ಬಹಳ ದಿನ ನಂಬಿದ್ದೆ.

ಊರು ಭಾಲ್ಕಿ ತಾಲ್ಲೂಕಿನ ಸಾಯಗಾಂವ. ಕುರಿ ಕಾಯುವ ಮನೆತನ ಬಿಟ್ಟು ನಿಜಾಮರ ಪೊಲೀಸಿನಲ್ಲಿ ಜವಾನರಾಗಿ ಸೇರಿ, ಜಮೇದಾರಿಕೆಗೆ ಏರಿ, ಬೀದರದ ಹಳೆಯ ಊರಿನೊಳಗೆ ಈಗ ಗುರುತೂ ಉಳಿಯದ ಒಂದು ಚಿಕ್ಕ ಠಾಣೆಯಲ್ಲಿ ನೆಲೆನಿಂತಿದ್ದರು. ನಮ್ಮ ಗಲ್ಲಿಯಲ್ಲೇ ಮನೆ. ನಾನು ಆಗಷ್ಟೇ ವಕೀಲಿಗೆ ಇಳಿದವನು. ಕಕ್ಷಿಗಾರರಿಲ್ಲದ ಸಂಜೆಗಳಲ್ಲಿ ಅವರ ಕಟ್ಟೆಯೇ ನನ್ನ ಕಚೇರಿ. ಅಲ್ಲಿ ಕೂತು ಅವರು ತಮ್ಮ ಖಾತೆಯ ವ್ಯವಸ್ಥೆಯನ್ನು ಪುರಾಣ ಹೇಳುವವರ ತನ್ಮಯತೆಯಿಂದ ವರ್ಣಿಸುತ್ತಿದ್ದರು: ಜವಾನನ ಮೇಲೆ ಜಮೇದಾರ, ಜಮೇದಾರನ ಮೇಲೆ ಠಾಣೆಯ ಅಮೀನಸಾಹೇಬರು, ಅವರ ಮೇಲೆ ಸದರ ಅಮೀನರು, ಅವರ ಮೇಲೆ ಇಡೀ ಜಿಲ್ಲೆಯ ಪೊಲೀಸಿಗೆ ಒಡೆಯರಾದ ಮೊಹತಮೀಮರು, ಅವರ ಮೇಲೆ ಹೈದರಾಬಾದಿನಲ್ಲಿ ನಾಜಿಮರು, ಅವರ ಮೇಲೆ ಸರ್ಕಾರ. ಸರ್ಕಾರದ ಮೇಲೆ ಯಾರೆಂದು ನಾನೊಮ್ಮೆ ಕೆಣಕಿದೆ. ಅಲ್ಲಿಗೂ ಒಬ್ಬರನ್ನ ಇಟ್ಟಿರ್ತಾರ್ರಿ ಎಂದು ಗಂಭೀರವಾಗಿಯೇ ಹೇಳಿದರು. ಮನೆಯಲ್ಲಿ ಅವರ ಹೆಂಡತಿ ಗಂಗುಬಾಯಿಗೂ ಈ ಕಾಟ ತಪ್ಪಿದ್ದಲ್ಲ. ಊಟಕ್ಕೇಳಿ ಎಂದರೆ, ಅವ್ವ ಹೇಳಿದಳೇನು ಎಂಬ ಪ್ರಶ್ನೆ. ಮುದುಕಿ ತೀರಿಕೊಂಡ ಮೇಲೆ ಆ ಪುಣ್ಯಾತಗಿತ್ತಿ ತಾನೇ ಸೊಂಟಕ್ಕೆ ಕೈಯಿಟ್ಟು ನಿಂತು, ಹುಕುಂ ನನ್ನದೇ, ಎದ್ದೇಳಿ ಎಂದು ಗದರುತ್ತಿದ್ದಳು. ಆಗ ತೃಪ್ತಿಯಿಂದ ಎದ್ದು ಕೈ ತೊಳೆಯುತ್ತಿದ್ದರು.

ಕೆಟ್ಟವರಲ್ಲ. ಇದನ್ನು ನಾನು ಯಾರೆದುರಿಗಾದರೂ ಹೇಳುತ್ತೇನೆ. ಅಪ್ಪಣೆಯಿಲ್ಲದೆ ಯಾರ ಮೈಮೇಲೂ ಕೈಯೆತ್ತಿದವರಲ್ಲ. ಅಪ್ಪಣೆ ಬಂದಾಗ ಎತ್ತದೆ ಬಿಟ್ಟವರೂ ಅಲ್ಲ ಎಂಬುದನ್ನು ನಮ್ಮ ಗಲ್ಲಿ ಜಾಣತನದಿಂದ ಮರೆತಿತ್ತು, ನಾನೂ ಮರೆತಿದ್ದೆ.

ನಿಜಾಮರ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದ ಆ ಭಾದ್ರಪದದಲ್ಲಿ ಅವರ ಠಾಣೆಯ ಹವಾಲಾತಿನಲ್ಲಿ, ಅಂದರೆ ಕೈದಿಗಳ ಕೋಣೆಯಲ್ಲಿ, ಔರಾದ ಕಡೆಯ ಡಾಬಕಾದ ಧೊಂಡಿಬಾ ಎಂಬ ತರುಣನೊಬ್ಬನೇ ಇದ್ದ. ಗಡಿಯಾಚೆ ಬೀಡುಬಿಟ್ಟ ನಿಜಾಮವಿರೋಧಿ ಚಳವಳಿಯವರಿಗೆ ರೊಟ್ಟಿ ಕೊಟ್ಟನೆಂಬ ಗುಮಾನಿಯ ಮೇಲೆ ಹಿಡಿದು ತಂದಿದ್ದರು. ಅವನ ತಾಯಿ ಸತ್ಯಮ್ಮ, ಗಂಡ ಸತ್ತ ಹೆಂಗಸು, ಡಾಬಕಾದಿಂದ ನಡೆದು ಬಂದು ಠಾಣೆಯ ಎದುರಿನ ಬೇವಿನ ಬುಡದಲ್ಲಿ ಕೂತಿದ್ದಳು. ಜಮೇದಾರರ ಮನೆಯಿಂದಲೇ ತಾಯಿಮಗನಿಗೆ ರೊಟ್ಟಿ ಪಲ್ಯ ಹೋಗುತ್ತಿತ್ತು. ಅದಕ್ಕೆ ಮಾತ್ರ ಅಮೀನಸಾಹೇಬರು ಮೊದಲೇ ಹೂಂ ಎಂದಿದ್ದರಂತೆ.

ಭಾರತದ ಸೈನ್ಯ ಬಂತು ಬಂತು ಎಂಬ ಸುದ್ದಿ ಊರೆಲ್ಲ ಹಬ್ಬಿ, ಅಂಗಡಿಗಳು ಬಾಗಿಲು ಹಾಕಿಕೊಂಡಿದ್ದ ದಿನ ಬೆಳಿಗ್ಗೆ ಧೊಂಡಿಬಾನಿಗೆ ವಾಂತಿಭೇದಿ ಹತ್ತಿತು. ಕೈದಿಯನ್ನು ದವಾಖಾನೆಗೆ ಕಳಿಸಲು ಅಮೀನರ ಅಪ್ಪಣೆ ಬೇಕು. ಅಮೀನರು ಠಾಣೆಗೆ ಬಂದಿರಲಿಲ್ಲ. ದವಾಖಾನೆಯೋ ಕೂಗಳತೆಯಲ್ಲಿತ್ತು. ಠಾಣೆಯ ಜವಾನ ಮಕ್ಸೂದ ಹೆಗಲ ಮೇಲೆ ಹೊತ್ತುಕೊಂಡು ಹೋಗಲು ಸಿದ್ಧನಾಗಿ ನಿಂತ.

"ಕೀಲಿ ತಗೀರಿ ಸಾಬ. ಈಗ ಕೇಳೋರು ಯಾರದಾರ?" ಎಂದ.

ಜಮೇದಾರರು ಕೋಟು ಸರಿಪಡಿಸಿಕೊಂಡರು. ಹುಕುಂ ತರ್ತೇನಿ, ಈಗ ಬಂದೆ ಎಂದು ಹೇಳಿ ಹೊರಟರು. ಕೀಲಿ ಅವರ ಸೊಂಟದಲ್ಲೇ ಇತ್ತು; ಕೀಲಿಯನ್ನು ಕೆಳಗಿನವನ ಕೈಗೆ ಕೊಡುವ ಪದ್ಧತಿ ಅವರ ಖಾತೆಯಲ್ಲಿರಲಿಲ್ಲ.

ಅಮೀನರ ಮನೆಗೆ ಬೀಗ. ಅಲ್ಲಿಂದ ಹೊರಳಿ ಬಂದಿದ್ದರೆ ಸಾಕಿತ್ತು. ಬರಲಿಲ್ಲ, ಅಮೀನರಿಲ್ಲದಾಗ ಸದರ ಅಮೀನರಲ್ಲವೇ? ಸದರ ಅಮೀನರ ಮನೆಯಲ್ಲಿ ಒಬ್ಬ ಮುದುಕ ಕೋಳಿಗಳಿಗೆ ನೀರಿಡುತ್ತಿದ್ದ, ಸಾಹೇಬರು ಎತ್ತ ಹೋದರೋ ಅವನಿಗೂ ಗೊತ್ತಿರಲಿಲ್ಲ. ಊರ ಹೊರಗೆ ಮೊಹತಮೀಮರ ಬಂಗಲೆ. ಅಲ್ಲಿಗೂ ನಡೆದರು. ಪಹರೆಯವನು ಬಂದೂಕನ್ನು ಗೋಡೆಗೆ ಒರಗಿಸಿಟ್ಟು ಮಾಯವಾಗಿದ್ದ. ಖಾಲಿ ಬಂಗಲೆಯ ಮುಂದೆ ಅವರು ಬಹಳ ಹೊತ್ತು ಕಾದರಂತೆ, ಒಳಗಿನಿಂದ ಯಾರಾದರೂ ಕರೆದಾರೆಂದು. ಅಯ್ಯೋ, ಎಂಥ ಕಾಯುವಿಕೆ! ಕೊನೆಗೆ ಜಿಲ್ಲೆಯ ದೊಡ್ಡ ಅಧಿಕಾರಿ ತಾಲ್ಲೂಕದಾರರ ಕಚೇರಿಗೂ ಹೋಗಿ, ಅದರ ಮುಚ್ಚಿದ ಬಾಗಿಲಿಗೆ ಸಲಾಮು ಹೊಡೆದು, ಇಳಿಹೊತ್ತಿಗೆ ಠಾಣೆಗೆ ಮರಳಿದರು. ಜೀವಮಾನವಿಡೀ ಬಾಯಿಪಾಠ ಮಾಡಿದ್ದ ಮೆಟ್ಟಿಲುಗಳನ್ನೆಲ್ಲ ಹತ್ತಿ ಬಂದಿದ್ದರು. ಯಾವ ಮೆಟ್ಟಿಲಿನಲ್ಲೂ ಯಾರೂ ಇರಲಿಲ್ಲ.

ಸರಳಿನ ಹೊರಗೆ ಸತ್ಯಮ್ಮ ಕೂತಿದ್ದಳು. ಸರಳಿನೊಳಗೆ ತೋಳು ತೂರಿಸಿ ಮಗನ ಕಾಲು ಹಿಡಿದುಕೊಂಡಿದ್ದಳು. ಕಾಲು ತಣ್ಣಗಾಗಿತ್ತು. ಬಾಗಿಲು ಒಡೆಯಲು ನೋಡಿ ಮಕ್ಸೂದನ ಅಂಗೈಯೆಲ್ಲ ರಕ್ತವಾಗಿತ್ತು. ಜಮೇದಾರರು ಸೊಂಟಕ್ಕೆ ಕೈಹಾಕಿದಾಗ ಮಾತ್ರ ಅವಳು ತಲೆಯೆತ್ತಿ ನೋಡಿದಳು.

"ಕೀಲಿ ನಿನ್ನ ಹತ್ರಾನೇ ಇತ್ತಲ್ಲೋ ಯಪ್ಪಾ," ಎಂದಳು.

ಮುಂದೆ ಹೊಸ ಸರ್ಕಾರದ ಅಧಿಕಾರಿಗಳು ಹೊರಪ್ರಾಂತದಿಂದ ಬಂದರು. ವಿಚಾರಣೆಯೂ ಆಯಿತು. ಎಲ್ಲರೂ ಓಡಿದಾಗ ಠಾಣೆ ಬಿಡದೆ, ನಿಯಮ ಮುರಿಯದೆ ನಿಂತವನೆಂದು ಬೆನ್ನು ತಟ್ಟಿ ಕೆಲಸದಲ್ಲೇ ಉಳಿಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಕಟ್ಟೆಗೆ ಹೋಗುವುದನ್ನೇ ಬಿಟ್ಟೆ. ಆದರೆ ಒಂದು ಮಧ್ಯಾಹ್ನ ಅವರೇ ನನ್ನ ಕಚೇರಿಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ತಮ್ಮ ಮೇಲೆ ಯಾವ ಕಲಮಿನಡಿ ಮೊಕದ್ದಮೆ ಹೂಡಬಹುದೆಂದು ಕೇಳಿದರು. ಪುಸ್ತಕ ತಿರುವಿ ನೋಡಿದೆ. ಸರ್ಕಾರವೇ ತಪ್ಪಿಲ್ಲವೆಂದ ಮೇಲೆ ಯಾವ ಕಲಮೂ ಹತ್ತುವುದಿಲ್ಲವೆಂದೆ.

"ಹಂಗಾದ್ರ ನನ್ನ ಮ್ಯಾಲ ಯಾರೂ ಇಲ್ಲೇನ್ರಿ?" ಎಂದು ಕೇಳಿದರು. ಆ ಧ್ವನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸಂತೆಯಲ್ಲಿ ತಾಯಿಯ ಕೈ ತಪ್ಪಿಸಿಕೊಂಡ ಕೂಸಿನ ಹಾಗೆ ನಿಂತಿದ್ದರು.

ಧೊಂಡಿಬಾನ ತಾಯಿಯಿದ್ದಾಳೆ, ಅವಳ ಹತ್ತಿರ ಹೋಗಿ ಎಂದೆ. ಒಬ್ಬನೇ ಹೋಗಲಾರೆನೆಂದರು. ಔರಾದದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಡಾಬಕಾಕ್ಕೆ ಬಂಡಿಯಲ್ಲಿ, ಇಬ್ಬರೂ ಹೋದೆವು. ಸತ್ಯಮ್ಮ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಗುರುತು ಹಿಡಿದಳು, ಬಯ್ಯಲಿಲ್ಲ, ಅಳಲಿಲ್ಲ, ಕುಡಿಯಲು ನೀರು ಕೊಟ್ಟಳು. ಜಮೇದಾರರು ಆ ತಂಬಿಗೆಯನ್ನು ಕೆಳಗಿಟ್ಟು, ಅಧಿಕಾರಿಗಳೆದುರು ನಿಲ್ಲುವಂತೆ ಹಿಮ್ಮಡಿ ಜೋಡಿಸಿ ನಿಂತರು.

"ಅವ್ವಾ, ನೀವೇ ಹುಕುಂ ಮಾಡ್ರಿ. ಏನ್ ಹೇಳ್ತೀರಿ ಅದು ಮಾಡ್ತೇನಿ. ಸಾಯಿ ಅಂದ್ರ ಸಾಯ್ತೇನಿ."

ಮೊರ ಕೆಳಗಿಟ್ಟು ಅವಳು ಅವರನ್ನೇ ನೋಡಿದಳು. ಅವಳ ಮುಖದಲ್ಲಿ ದ್ವೇಷವಿರಲಿಲ್ಲ, ದಣಿವಿತ್ತು.

"ನಾ ಹುಕುಂ ಕೊಡಾಕಿ ಅಲ್ಲಪಾ. ಇದೊಂದಾದ್ರೂ ನಿನ್ನ ಮನಸಿಗಿ ತಿಳದಂಗ ಮಾಡು."

ಜಮೇದಾರರು ನಿಂತೇ ಇದ್ದರು. ಅವಳ ಕಾಲಿಗೆ ಬೀಳುತ್ತಾರೆ, ಅತ್ತುಬಿಡುತ್ತಾರೆ, ಏನಾದರೊಂದು ಮಾಡುತ್ತಾರೆಂದು ನಾನು ಕಾದೆ. ಅವರು ನನ್ನ ಮುಖ ನೋಡಿದರು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ನಾವು ಬಂಡಿ ಹತ್ತಿದೆವು. ಪಿಂಚಣಿಯಾಗಿ ಸಾಯಗಾಂವದಲ್ಲಿ ತೀರಿಕೊಳ್ಳುವವರೆಗೂ ಅವರು ಇನ್ನೊಮ್ಮೆ ಆ ಊರ ಹೆಸರೆತ್ತಲಿಲ್ಲವೆಂದು ಗಂಗುಬಾಯಿ ಹೇಳಿದಳು.

ರಾಜ್ಯಗಳು ಕ್ರೂರಿಗಳ ಬಲದಿಂದ ನಿಲ್ಲುತ್ತವೆಂದು ನಾವು ಓದಿಕೊಂಡಿದ್ದೇವೆ. ಅಲ್ಲ, ಕ್ರೂರಿಗಳು ಎಲ್ಲ ಕಾಲದಲ್ಲೂ ಬೆರಳೆಣಿಕೆಯವರು, ಅವರು ಬೇಗ ಓಡಿಯೂ ಹೋಗುತ್ತಾರೆ. ಉಳಿಯುವವರು ಹಣಮಂತಪ್ಪನವರಂಥವರು: ಮನೆಯ ರೊಟ್ಟಿ ಹಂಚಿ ತಿನ್ನುವವರು, ಲಂಚ ಮುಟ್ಟದವರು, ಪಾಪಭೀರುಗಳು. ಕರುಣೆ ಅವರಲ್ಲೂ ಹುಟ್ಟುತ್ತದೆ, ನಮ್ಮಲ್ಲಿ ಹುಟ್ಟಿದಷ್ಟೇ ಬೇಗ ಹುಟ್ಟುತ್ತದೆ. ಹುಟ್ಟಿದ ಕರುಣೆಗೆ ಅಪ್ಪಣೆ ಕೇಳಲು ಅವರು ಎದ್ದು ಹೋಗುತ್ತಾರೆ. ಮರಳಿ ಬರುವಷ್ಟರಲ್ಲಿ ಒಳಗಿದ್ದವನು ಸತ್ತಿರುತ್ತಾನೆ.